ಅಕ್ಕಿ ಮುಂಬಯಿಗೆ ಬಂತು, ಓಟು ಊರಲ್ಲೇ ಉಳಿಯಿತು

2026ರ ಜನವರಿ 15, ಗುರುವಾರ. ಮುಂಬಯಿ ಮಹಾನಗರ ಪಾಲಿಕೆ ಚುನಾವಣೆ. ಬೆಳಿಗ್ಗೆಯೇ ಓಟು ಹಾಕಿ, ಹಾಗೇ ಮಾಟುಂಗಾದ ಒಂದು ಹೋಟೆಲಿಗೆ ಕಾಫಿಗೆ ಹೋದೆ. ಗಲ್ಲಾದಲ್ಲಿ ಕೂತಿದ್ದ ಧಣಿಗಳ ಬೆರಳಿಗೆ ಗುರುತಿತ್ತು. ಪಕ್ಕದ ಮೇಜಿನ ಅಜ್ಜಿಯ ಬೆರಳಿಗೂ ಇತ್ತು. ಸಾಂಬಾರಿನ ಬಕೆಟ್ ಹಿಡಿದು ಬಂದ ಹುಡುಗನ ಬೆರಳು ಮಾತ್ರ ಖಾಲಿ.

“ಓಟು ಹಾಕ್ಲಿಲ್ವಾ?” ಎಂದು ಕೇಳಿದೆ.

“ನನ್ ಓಟು ಊರಗಿತ್ತ್ ಮಾರಾಯ್ರೆ” ಎಂದು ನಕ್ಕು ಮುಂದಿನ ಮೇಜಿಗೆ ಹೋದ.

ಅವನ ಊರು ಬೈಂದೂರಿನ ಕಡೆ. ಮುಂಬಯಿಗೆ ಬಂದು ಒಂಬತ್ತು ವರ್ಷ ಆಯಿತು. ಮಲಗುವುದು ಹೋಟೆಲಿನ ಅಟ್ಟದಲ್ಲಿ. ವರ್ಷಕ್ಕೆ ಹದಿನೈದು ದಿನ ಊರಿಗೆ ಹೋಗುತ್ತಾನೆ. ಆ ಹದಿನೈದು ದಿನ ನಡೆಯುವ ರಸ್ತೆಯ ಬಗ್ಗೆ, ಕುಡಿಯುವ ನೀರಿನ ಬಗ್ಗೆ ಅವನಿಗೆ ಓಟಿದೆ. ಉಳಿದ ಮುನ್ನೂರೈವತ್ತು ದಿನ ಬದುಕುವ ಜಾಗದ ಬಗ್ಗೆ ಇಲ್ಲ.

(ಬೆರಳಿನ ಗುರುತಿನ ಬಗ್ಗೆ ಒಂದು ಮಾತು. ಲೋಕಸಭೆ, ವಿಧಾನಸಭೆ ಚುನಾವಣೆಗೆ ಶಾಯಿ ಬರುವುದು ನಮ್ಮ ಮೈಸೂರಿನಿಂದ. 1962ರಿಂದಲೂ ಅಲ್ಲಿಂದಲೇ. ಇಲ್ಲಿ ಪಾಲಿಕೆ ಚುನಾವಣೆಗೆ ಶಾಯಿ ಬಾಟಲಿ ಬಿಟ್ಟು ಮಾರ್ಕರ್ ಪೆನ್ ಬಳಸಿದರು. ಅದು ಉಜ್ಜಿದರೆ ಹೋಗುತ್ತೆ ಎಂದು ಇಡೀ ದಿನ ಗಲಾಟೆ.)

ಪ್ರಜಾಪ್ರಭುತ್ವದ ಕಷ್ಟ ಹೇಳುವಾಗ ನಾವು ನ್ಯಾಯ, ಸಮಾನತೆ, ಭಾಗವಹಿಸುವಿಕೆ ಎಂದು ದೊಡ್ಡ ದೊಡ್ಡ ಮಾತು ಆಡುತ್ತೇವೆ. ಮೂರನ್ನೂ ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದು ನಾನು ಕಂಡದ್ದು ಬೇರೆ. ಓಟಿನ ಸಾಲಿನಲ್ಲಿ ನಿಲ್ಲಿ, ಮನೆ ಹಂಚುವ ಕಚೇರಿಗೆ ಹೋಗಿ, ಕೋರ್ಟಿಗೆ ಹೋಗಿ. ಎಲ್ಲ ಕಡೆ ಮೊದಲು ಕೇಳುವುದು ಒಂದೇ: ನೀನು ಇರೋದು ಎಲ್ಲಿ, ಯಾವಾಗಿಂದ, ಕಾಗದ ಎಲ್ಲಿದೆ? ಈ ಕಾಗದ ಇದ್ದವನಿಗೆ ಸಂವಿಧಾನ ಸಲೀಸು. ಇಲ್ಲದವನಿಗೆ ಅದು ಗಾಜಿನ ಕಪಾಟಿನ ಮೈಸೂರು ಪಾಕ್.

“ಸಾಮಾನ್ಯವಾಗಿ” ಅಂದರೆ ಎಷ್ಟು ದಿನ?

ಮೊದಲು ಕಾನೂನು ನೋಡೋಣ. 1950ರ ಜನಪ್ರಾತಿನಿಧ್ಯ ಕಾಯ್ದೆಯ 19ನೇ ಕಲಮು ಹೇಳುವುದು ಸರಳ. ಹದಿನೆಂಟು ತುಂಬಿರಬೇಕು, ಆ ಕ್ಷೇತ್ರದಲ್ಲಿ “ಸಾಮಾನ್ಯವಾಗಿ ವಾಸ” ಇರಬೇಕು. ಮುಂದಿನ ಕಲಮಿನಲ್ಲಿ ಎರಡು ವಿವರಣೆ ಇದೆ. ಒಂದು, ಅಲ್ಲಿ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ನೀವು ಅಲ್ಲಿಯ ವಾಸಿ ಆಗುವುದಿಲ್ಲ. ಎರಡು, ಸ್ವಲ್ಪ ಕಾಲಕ್ಕೆ ಹೊರಗೆ ಹೋದ ಮಾತ್ರಕ್ಕೆ ನಿಮ್ಮ ವಾಸ ತಪ್ಪುವುದೂ ಇಲ್ಲ.

ಹಾಗಾದರೆ ನಮ್ಮ ಹುಡುಗನ ಒಂಬತ್ತು ವರ್ಷ “ಸ್ವಲ್ಪ ಕಾಲ” ಆಯಿತೇ? ಕಾಯ್ದೆಯಲ್ಲಿ ದಿನಗಳ ಲೆಕ್ಕ ಕೊಟ್ಟಿಲ್ಲ. ಅವನನ್ನೇ ಕೇಳಿದರೆ, ಮುಂದಿನ ವರ್ಷ ಊರಿಗೆ ಹೋಗಿ ಏನಾದರೂ ಮಾಡ್ತೇನೆ ಅನ್ನುತ್ತಾನೆ. ಒಂಬತ್ತು ವರ್ಷದಿಂದ ಅದನ್ನೇ ಹೇಳುತ್ತಿದ್ದಾನೆ. ನಮ್ಮ ಹಿಂದಿನ ತಲೆಮಾರಿನವರೂ ಮುಂಬಯಿಯ ಫೋರ್ಟ್ ಬಡಾವಣೆಯ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಓದುತ್ತಾ ಇದನ್ನೇ ಹೇಳಿದರು. ಅವರಲ್ಲಿ ಎಷ್ಟೋ ಮಂದಿ ಇಲ್ಲೇ ಮುದುಕರಾದರು.

ವಿಚಿತ್ರ ಏನೆಂದರೆ ಕೆಲವರಿಗೆ ಈ ನಿಯಮ ಸಡಿಲ ಇದೆ. ಗಡಿಯಲ್ಲಿರುವ ಸೈನಿಕನ ಓಟು ಊರಿನಲ್ಲೇ ಇರುತ್ತದೆ, ಅವನು ಅಂಚೆಯಲ್ಲಿ ಕಳಿಸಬಹುದು. ದುಬೈಯಲ್ಲಿರುವ ಕುಂದಾಪುರದವರು, ಭಾರತದ ಪೌರತ್ವ ಬಿಡದಿದ್ದರೆ, ಪಾಸ್‌ಪೋರ್ಟಿನ ವಿಳಾಸದಲ್ಲಿ ಹೆಸರು ಸೇರಿಸಬಹುದು. ಇದಕ್ಕೆ 2010ರಲ್ಲಿ ತಿದ್ದುಪಡಿಯೇ ಬಂತು. ಓಟು ಹಾಕಲು ಮಾತ್ರ ವಿಮಾನ ಹತ್ತಿ ಬರಬೇಕು, ಆ ಮಾತು ಬೇರೆ. ಮುಂಬಯಿಯ ಮಾಣಿಗೆ ಇಂಥ ಯಾವ ಕಲಮೂ ಇಲ್ಲ. ಅವನಿಗಿರುವುದು ಸಾಯನ್ ಹತ್ತಿರ ಸಂಜೆ ನಿಲ್ಲುವ ಊರಿನ ಬಸ್ಸು. ವಿಧಾನಸಭೆ ಚುನಾವಣೆ ಬಂದರೆ ಆ ಬಸ್ಸುಗಳು ತುಂಬುತ್ತವೆ. ಎರಡು ದಿನದ ಸಂಬಳ, ಹೋಗಿ ಬರುವ ಟಿಕೆಟು, ಇದು ಒಂದು ಓಟಿನ ಬೆಲೆ. ಯಾರಾದರೂ ಟಿಕೆಟು ತೆಗೆಸಿಕೊಟ್ಟರೆ ಅವನು ಹೋಗಿಯೇ ಹೋಗುತ್ತಾನೆ. ಯಾಕೆ ತೆಗೆಸಿಕೊಡುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಚುನಾವಣಾ ಆಯೋಗಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ಓಟು ದೂರದಿಂದಲೇ ಹಾಕಬಹುದಾದ ಮಾದರಿಯೊಂದನ್ನು ಮಾಡಿಸಿ, 2023ರ ಜನವರಿ 16ರಂದು ಪಕ್ಷಗಳನ್ನು ಕರೆಯಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ವಲಸಿಗ ಅಂದರೆ ಯಾರು? ಕರ್ನಾಟಕದ ಚುನಾವಣೆಗೆ ಮಹಾರಾಷ್ಟ್ರದಲ್ಲಿ ನೀತಿ ಸಂಹಿತೆ ಹೇಗೆ? ಆ ಮತಗಟ್ಟೆಯಲ್ಲಿ ಏಜೆಂಟನಾಗಿ ಯಾರು ಕೂರುತ್ತಾರೆ? ಪ್ರಶ್ನೆಗಳು ಸುಮ್ನೆ ಎತ್ತಿದವಲ್ಲ, ನಿಜವಾದ ಪ್ರಶ್ನೆಗಳೇ. ಆದರೆ ಮಾತು ಅಲ್ಲೇ ನಿಂತುಬಿಟ್ಟಿತು.

ಈಗ ಇನ್ನೊಂದು ತಿರುವು. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯನ್ನು ಮನೆಮನೆಗೆ ಹೋಗಿ ಹೊಸದಾಗಿ ಮಾಡಿದಾಗ, ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗೆ ಹೋದವು. ಸತ್ತವರು, ಎರಡು ಕಡೆ ಹೆಸರಿದ್ದವರು, ಊರು ಬಿಟ್ಟವರು ಎಂದು ಕಾರಣ ಕೊಟ್ಟರು. ಸತ್ತವರ ಹೆಸರು ತೆಗೆಯಲೇಬೇಕು, ಅದರಲ್ಲಿ ತಕರಾರಿಲ್ಲ. ನನ್ನ ಚಿಂತೆ ಊರು ಬಿಟ್ಟವರದ್ದು. ಊರಲ್ಲಿ ಮನೆಗೆ ಬಂದವರು “ಹುಡುಗ ಇಲ್ಲಿಲ್ಲ” ಎಂದು ಬರೆದುಕೊಳ್ಳುತ್ತಾರೆ. ಮುಂಬಯಿಯಲ್ಲಿ ಅವನ ಅಟ್ಟಕ್ಕೆ ಯಾರೂ ಬರುವುದಿಲ್ಲ. ಎರಡೂ ಪಟ್ಟಿಯವರು ನಿಯಮದ ಪ್ರಕಾರವೇ ನಡೆದುಕೊಂಡರು. ನಡುವೆ ಮನುಷ್ಯ ಕಾಣೆ.

ಇಂಥವರು ಎಷ್ಟು? 2011ರ ಜನಗಣತಿಯಲ್ಲಿ ಹುಟ್ಟಿದ ಅಥವಾ ಹಿಂದೆ ಇದ್ದ ಊರು ಬಿಟ್ಟು ಬೇರೆ ಕಡೆ ಇದ್ದವರು 45 ಕೋಟಿ. ಈ ಅಂಕಿ ನೋಡಿ ಗಾಬರಿ ಬೇಡ. ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಹೋದ ಹೆಂಗಸರು. ಹೊಸ ಲೆಕ್ಕ ಸಿಗಲು 2027ರ ಜನಗಣತಿ ಮುಗಿಯಬೇಕು.

ಓಟಿನ ಪಕ್ಕದಲ್ಲಿ ರೇಷನ್ ಇಟ್ಟು ನೋಡಿ. ಕೋವಿಡ್ ಕಾಲದಲ್ಲಿ ಜನ ನಡೆದುಕೊಂಡೇ ಊರಿಗೆ ಹೋದದ್ದನ್ನು ದೇಶ ನೋಡಿತು. 2021ರ ಜೂನ್ 29ರಂದು ಸುಪ್ರೀಂ ಕೋರ್ಟು, ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಯನ್ನು ಜುಲೈ 31ರೊಳಗೆ ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಎಂದಿತು. ಈಗ ಯಾದಗಿರಿಯ ಕಾರ್ಡು ಹಿಡಿದು, ಬೆರಳೊತ್ತಿ, ಮುಂಬಯಿಯ ಅಂಗಡಿಯಲ್ಲಿ ಧಾನ್ಯ ತೆಗೆದುಕೊಳ್ಳಬಹುದು. ಕೇಂದ್ರದ ಪಾಲು ಮಾತ್ರ. ಕರ್ನಾಟಕ ಸರ್ಕಾರ ಅನ್ನಭಾಗ್ಯದಲ್ಲಿ ಮೇಲಿಂದ ಕೊಡುವುದು ನಿಪ್ಪಾಣಿ ದಾಟುವುದಿಲ್ಲ. ಆದರೂ ದಾರಿ ತೆರೆಯಿತು. ಬೆರಳೊತ್ತಿದರೆ ಅಕ್ಕಿ ಕೊಡುವ ಯಂತ್ರಕ್ಕೆ ಇವನು ಯಾರು ಎಂದು ಗೊತ್ತು. ಅದೇ ಬೆರಳಿಗೆ ಶಾಯಿ ಹಚ್ಚುವ ದಾರಿ ನಮಗೆ ಇನ್ನೂ ಸಿಕ್ಕಿಲ್ಲ.

ಓಟು ಇದ್ದವರಿಗೂ ಚುನಾವಣೆ ಇಲ್ಲದ ಕಾಲ

ಇನ್ನು ಮುಂಬಯಿಯಲ್ಲೇ ಓಟು ಇರುವ ನನ್ನಂಥವರ ಕಥೆ. ನಾವೇನೂ ದೊಡ್ಡ ಅದೃಷ್ಟವಂತರಲ್ಲ. ಪಾಲಿಕೆಗೆ 2017ರಲ್ಲಿ ಆರಿಸಿದವರ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಆಮೇಲೆ ಸುಮಾರು ನಾಲ್ಕು ವರ್ಷ ಈ ಊರಿಗೆ ಒಬ್ಬ ನಗರಸೇವಕನೂ ಇರಲಿಲ್ಲ. 227 ವಾರ್ಡು, ಸೊನ್ನೆ ಕಾರ್ಪೊರೇಟರು.

ಇದು ಹೇಗೆ ಸಾಧ್ಯ? 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಸ್ಪಷ್ಟವಾಗಿದೆ. ಪಾಲಿಕೆಯ ಆಯುಸ್ಸು ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಆದರೆ ಮಹಾರಾಷ್ಟ್ರದಲ್ಲಿ ಎರಡು ಗಂಟು ಬಿದ್ದವು. 2021ರಲ್ಲಿ ಸುಪ್ರೀಂ ಕೋರ್ಟು, ಹಿಂದುಳಿದ ವರ್ಗಗಳ ಮೀಸಲಾತಿಗೆ ಆಯೋಗ ನೇಮಿಸಿ, ಅಂಕಿಅಂಶ ಸೇರಿಸಿ, ಒಟ್ಟು ಮೀಸಲಾತಿ ಅರ್ಧ ಮೀರದಂತೆ ನೋಡಿಕೊಂಡು ಕೊಡಿ ಎಂದಿತು. ಅದು ಮುಗಿಯುವ ಮೊದಲೇ ವಾರ್ಡುಗಳ ಸಂಖ್ಯೆಯ ಜಗಳ ಶುರುವಾಯಿತು. ಒಂದು ಸರ್ಕಾರ 227ನ್ನು 236 ಮಾಡಿತು, ಮುಂದಿನದು ಮತ್ತೆ 227ಕ್ಕೆ ತಂದಿತು. ಮೊಕದ್ದಮೆ ಮೇಲೆ ಮೊಕದ್ದಮೆ. ಕೊನೆಗೆ 2025ರ ಮೇ 6ರಂದು ಸುಪ್ರೀಂ ಕೋರ್ಟು ಗದರಿ ಹೇಳಿದ ಮೇಲೆ ಗಾಡಿ ಹೊರಟಿತು. ಪುಣೆ, ಸೊಲ್ಲಾಪುರ ಸೇರಿ 29 ಪಾಲಿಕೆಗಳಿಗೆ ಒಂದೇ ದಿನ ಮತದಾನ ಆಯಿತು.

ಬೆಂಗಳೂರಿನವರು ನಗಬೇಡಿ. ನಿಮ್ಮ ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಐದು ವರ್ಷ ಕಳೆದು ಬಿಬಿಎಂಪಿಯೇ ಮಾಯವಾಗಿ ಐದು ಪಾಲಿಕೆ ಹುಟ್ಟಿದವು, ಅಷ್ಟಾದರೂ ಚುನಾವಣೆ ಆಗಿರಲಿಲ್ಲ.

ಆ ನಾಲ್ಕು ವರ್ಷ ಕಸ ಎತ್ತಿದರು, ನೀರು ಬಿಟ್ಟರು. ಏನು ನಷ್ಟ ಎಂದು ನನ್ನ ಮಿತ್ರರೊಬ್ಬರು ಕೇಳುತ್ತಿದ್ದರು. 2025-26ರ ಮುಂಬಯಿ ಪಾಲಿಕೆಯ ಬಜೆಟ್ 74,427 ಕೋಟಿ ರೂಪಾಯಿ. ಅದನ್ನು ಮಂಡಿಸಿದ್ದು ಕಮಿಷನರು. ಒಪ್ಪಿದ್ದು ಆಡಳಿತಾಧಿಕಾರಿ. ಇಬ್ಬರೂ ಒಬ್ಬರೇ. ಅಡುಗೆ ಮಾಡಿದವನೇ ರುಚಿ ನೋಡಿ, ಬಿಲ್ಲೂ ಬರೆದು, ಚೆನ್ನಾಗಿದೆ ಎಂದು ಸಹಿ ಹಾಕಿದಂತೆ.

ಸಣ್ಣ ನಷ್ಟವೂ ಇದೆ, ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಆಧಾರ್‌ನಲ್ಲಿ ವಿಳಾಸ ಬದಲಿಸಲು ಬೇರೆ ಕಾಗದ ಇಲ್ಲದವರಿಗೆ ಸಂಸದ, ಶಾಸಕ, ಗೆಜೆಟೆಡ್ ಅಧಿಕಾರಿ ಅಥವಾ ನಗರಸಭಾ ಸದಸ್ಯ ಕೊಡುವ ಪತ್ರ ನಡೆಯುತ್ತದೆ. ಇವರಲ್ಲಿ ಕೂಲಿಯವನ ಕೈಗೆ ಸಿಗುವವನು ಒಬ್ಬನೇ, ಸಂಜೆ ಗಲ್ಲಿಯ ಆಫೀಸಿನಲ್ಲಿ ಕೂರುವ ನಗರಸೇವಕ. ನಾಲ್ಕು ವರ್ಷ ಆ ಕುರ್ಚಿ ಖಾಲಿ.

ಇಪ್ಪತ್ತಮೂರು ರೂಪಾಯಿ ಕೂಲಿಯವನ ಮೊಕದ್ದಮೆ

ವಿಳಾಸ ಮತ್ತು ನ್ಯಾಯದ ಸಂಬಂಧ ತಿಳಿಯಲು ಮುಂಬಯಿಯ ಒಂದು ಹಳೆಯ ಮೊಕದ್ದಮೆ ಸಾಕು. ಕಾನೂನು ಓದುವವರೆಲ್ಲ ಬಲ್ಲರು, ಹೆಸರು ಓಲ್ಗಾ ಟೆಲ್ಲಿಸ್ ಪ್ರಕರಣ. ಓಲ್ಗಾ ಟೆಲ್ಲಿಸ್ ಪತ್ರಕರ್ತೆ. ಹೆಸರು ಅವರದ್ದು, ಕಥೆ ಫುಟ್‌ಪಾತಿನವರದ್ದು.

ಬೇರೆ ಅರ್ಜಿದಾರರಲ್ಲಿ ಒಬ್ಬ 1961ರಲ್ಲಿ ತಮಿಳುನಾಡಿನ ಸೇಲಂನಿಂದ ಬಂದವನು. ಊರಲ್ಲಿ ಜಮೀನಿಲ್ಲ, ಬರದಿಂದ ಕೂಲಿಯೂ ಇಲ್ಲ. ದಹಿಸರದ ಕೆಮಿಕಲ್ ಕಂಪನಿಯಲ್ಲಿ ದಿನಕ್ಕೆ 23 ರೂಪಾಯಿ ಕೂಲಿ ಸಿಕ್ಕಿತು. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಳೆಯ ಸೂರು. ಆ ಸೂರಿಗೂ ಒಬ್ಬ ದಾದಾ 2,500 ರೂಪಾಯಿ ಕಿತ್ತುಕೊಂಡಿದ್ದ. ಗಮನಿಸಿ, ಫುಟ್‌ಪಾತೂ ಪುಕ್ಕಟೆ ಅಲ್ಲ. ಹೆಂಡತಿ, ಮೂವರು ಹೆಣ್ಣುಮಕ್ಕಳು ಅದರೊಳಗೆ.

1981ರ ಜುಲೈ 13ರಂದು, ಜೋರು ಮಳೆಗಾಲದಲ್ಲಿ, ಆಗಿನ ಮುಖ್ಯಮಂತ್ರಿ ಎ.ಆರ್. ಅಂತುಳೆ ಫುಟ್‌ಪಾತಿನವರನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಕಳಿಸುತ್ತೇವೆ ಎಂದರು. ಹತ್ತು ದಿನಕ್ಕೆ ಇವನ ಸೂರು ಕೆಡವಿ, ಸಂಸಾರವನ್ನು ಸೇಲಂ ಬಸ್ಸು ಹತ್ತಿಸಿದರು. ಹೆಂಡತಿ ಮಕ್ಕಳು ಅಲ್ಲೇ ಉಳಿದರು. ಅವನು ಕೆಲಸ ಹುಡುಕಿ ಮತ್ತೆ ಮುಂಬಯಿಗೆ ಬಂದ. ಮತ್ತೆ ಫುಟ್‌ಪಾತಿಗೇ.

ಐವರು ನ್ಯಾಯಮೂರ್ತಿಗಳ ಪೀಠ 1985ರ ಜುಲೈ 10ರಂದು ತೀರ್ಪು ಕೊಟ್ಟಿತು. ಬರೆದವರು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. ಜೀವಿಸುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದಿತು ಆ ತೀರ್ಪು. ಕೆಲಸ ಇಲ್ಲಿದೆ, ಕೆಲಸದ ಹತ್ತಿರ ಬಾಡಿಗೆ ಕೊಡುವ ತಾಕತ್ತಿಲ್ಲ, ಅದಕ್ಕೇ ಫುಟ್‌ಪಾತಿನಲ್ಲಿದ್ದಾರೆ. ಫುಟ್‌ಪಾತು ಕಿತ್ತುಕೊಂಡರೆ ಕೆಲಸವನ್ನೂ ಕಿತ್ತುಕೊಂಡಂತೆ. ಇಷ್ಟು ಸರಳವಾದ ಮಾತನ್ನು ಅಷ್ಟು ದೊಡ್ಡ ಕೋರ್ಟು ಹೇಳಿದ್ದು ದೊಡ್ಡ ಸಂಗತಿಯೇ. ಎಷ್ಟೋ ತೀರ್ಪುಗಳು ಆಮೇಲೆ ಇದನ್ನು ಹಿಡಿದು ನಡೆದಿವೆ.

ಆದರೆ ಅರ್ಜಿ ಹಾಕಿದವನಿಗೆ ಏನು ಸಿಕ್ಕಿತು? ಫುಟ್‌ಪಾತು ನಡೆಯುವವರದ್ದು, ಎಬ್ಬಿಸಬಹುದು ಎಂದೂ ಅದೇ ತೀರ್ಪು ಹೇಳಿತು. ನೋಟಿಸ್ ಕೊಡದೆ ತೆರವು ಮಾಡಲು ಬಿಡುವ, ಮುಂಬಯಿ ಪಾಲಿಕೆ ಕಾಯ್ದೆಯ 314ನೇ ಕಲಮನ್ನು ರದ್ದು ಮಾಡಲಿಲ್ಲ, ಸಾಮಾನ್ಯವಾಗಿ ಅವರ ಮಾತು ಕೇಳಿಯೇ ಮಾಡಿ ಎಂದಿತು ಅಷ್ಟೇ. ಮಳೆಗಾಲ ಕಳೆಯಲಿ ಎಂದು 1985ರ ಅಕ್ಟೋಬರ್ 31ರವರೆಗೆ ತಡೆ ಕೊಟ್ಟಿತು. ಬದಲಿ ಜಾಗ ಕೊಡಬೇಕು ಎಂದದ್ದು ಯಾರಿಗೆ? 1976ರ ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕವರಿಗೆ. ಅಲ್ಲಿಗೆ ಮತ್ತೆ ಕಾಗದ, ಮತ್ತೆ ತಾರೀಖು. ಹಕ್ಕು ಎಲ್ಲರಿಗೂ ಸಿಕ್ಕಿತು. ಜಾಗ ಸಿಗುವುದು ಪಟ್ಟಿಯಲ್ಲಿದ್ದವರಿಗೆ.

ನನ್ನನ್ನು ಕೇಳಿದರೆ ಮುಂಬಯಿಯ ಬಡವರ ಮುಂದಿನ ನಾಲ್ಕು ದಶಕದ ಕಥೆ ಆ ಒಂದು ಸಾಲಿನಲ್ಲೇ ಇದೆ.

2011ರ ಜನಗಣತಿ ಪ್ರಕಾರ ಈ ನಗರದ ಹತ್ತು ಮಂದಿಯಲ್ಲಿ ನಾಲ್ವರು ಜೋಪಡಿಯಲ್ಲಿದ್ದರು. ಅವರಿಗೆ ಮನೆ ಕಟ್ಟಿಸಿಕೊಡಲು 1995ರಲ್ಲಿ ಜೋಪಡಿ ಪುನರ್ವಸತಿ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಎಸ್ಆರ್‌ಎ, ಶುರುವಾಯಿತು. ಬಿಲ್ಡರು ಅದೇ ಜಾಗದಲ್ಲಿ ಜೋಪಡಿಯವರಿಗೆ ಮನೆ ಕಟ್ಟಿಕೊಡಬೇಕು, ಉಳಿದ ಜಾಗದಲ್ಲಿ ಕಟ್ಟಿ ಮಾರಿಕೊಳ್ಳಬೇಕು. ಯಾರಿಗೆ ಮನೆ? 2000ದ ಜನವರಿ 1ಕ್ಕೆ ಮೊದಲು ಇದ್ದ ಪುರಾವೆ ಇದ್ದರೆ ಪುಕ್ಕಟೆ 300 ಚದರಡಿ. ಅಲ್ಲಿಂದ 2011ರ ಜನವರಿ 1ರೊಳಗೆ ಬಂದವರು ಎರಡೂವರೆ ಲಕ್ಷ ಕೊಡಬೇಕು. ಆಮೇಲೆ ಬಂದವರಿಗೆ ಇದರಲ್ಲಿ ಜಾಗ ಇಲ್ಲ. ಮೇಲಿನ ಅಂತಸ್ತಿನಲ್ಲಿ ಇದ್ದವರನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಗಾಗಿ ಜೋಪಡಿಗಳಲ್ಲಿ ಜನ ಎರಡೇ ಜಾತಿ, ಪಾತ್ರ ಮತ್ತು ಅಪಾತ್ರ. ಮನೆಗೆ ಅರ್ಹ, ಅನರ್ಹ ಎಂಬ ಅರ್ಥದ ಮರಾಠಿಯ ಮಾತು, ನಮ್ಮ ಕಲಬುರಗಿಯವರ ಬಾಯಲ್ಲೂ ಈಗ ಅದೇ. “ನಮ್ದು ಪಾತ್ರ ಆಯ್ತ್ರಿ, ನಮ್ ತಮ್ಮಂದು ಅಪಾತ್ರ.” ನಡುವೆ ಇರುವುದು ಒಂದು ತಗಡಿನ ಗೋಡೆ. ಅಣ್ಣ ಹಳೆಯ ಕರೆಂಟು ಬಿಲ್ಲು ಬಕೆಟ್ಟಿನ ತಳದಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದ. ತಮ್ಮನದು 2005ರ ಜುಲೈ 26ರ ಪ್ರವಾಹದಲ್ಲಿ ಹೋಯಿತು. ಒಂದೇ ಕೆಲಸ, ಒಂದೇ ಗಲ್ಲಿ, ಒಂದೇ ನಳ. ಸಮಾನತೆ ಎಂದರೆ ಸಮಾನರನ್ನು ಸಮಾನವಾಗಿ ಕಾಣುವುದು ಎಂದು ಪಾಠ ಹೇಳುತ್ತಾರೆ. ಯಾರು ಸಮಾನರು ಎಂದು ಬಕೆಟ್ಟಿನ ತಳ ತೀರ್ಮಾನಿಸುವುದಾದರೆ ಏನು ಹೇಳೋಣ?

ತಾರೀಖೇ ಬೇಡ ಎಂದು ನಾನು ಹೇಳುವುದಿಲ್ಲ. ಪುಕ್ಕಟೆ ಮನೆಗೆ ಒಂದು ಗಡಿ ಹಾಕದಿದ್ದರೆ ನಾಳೆ ಬೆಳಿಗ್ಗೆ ಹೊಸ ಜೋಪಡಿ ಎದ್ದಿರುತ್ತವೆ, ಅವನ್ನು ಎಬ್ಬಿಸಿ ಮಾರುವ ದಾದಾಗಳೂ ಇದ್ದಾರೆ. ಮನೆಗೆ ತಾರೀಖು ಇರಲಿ. ಕುಡಿಯುವ ನೀರಿಗೂ ಅದೇ ತಾರೀಖು ಹಾಕಿದ್ದು ಮಾತ್ರ ತಪ್ಪು. 2000ದ ನಂತರದ ಜೋಪಡಿಗಳಿಗೆ ಪಾಲಿಕೆ ನಳ ಕೊಡುತ್ತಿರಲಿಲ್ಲ. ಜನ ಟ್ಯಾಂಕರಿನವನಿಗೆ, ಪಕ್ಕದ ಗಲ್ಲಿಯವನಿಗೆ ದುಡ್ಡು ಕೊಟ್ಟು ಕುಡಿದರು. ನೀರಿನ ಹಕ್ಕಿಗೆ ಹೋರಾಡುವ ಪಾನಿ ಹಕ್ ಸಮಿತಿ ಕೋರ್ಟಿಗೆ ಹೋಯಿತು. 2014ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟು, ಜೋಪಡಿ ಅಕ್ರಮ ಆಗಿರಬಹುದು, ಅದಕ್ಕೆ ನೀರು ಕೊಡುವುದಿಲ್ಲ ಅನ್ನುವಂತಿಲ್ಲ ಎಂದಿತು. ಪಾಲಿಕೆ ಎಲ್ಲರಿಗೂ ನೀರು ಎಂಬ ನೀತಿ ತಂದದ್ದು 2022ರಲ್ಲಿ.

ಅಪಾತ್ರ ಎಂದಾದವನು ಕೋರ್ಟಿಗೆ ಹೋಗಬಹುದಲ್ಲ ಅನ್ನಬಹುದು. ಜೋಪಡಿ ಕಾಯ್ದೆ 1971ರದು. ಅದರ ಪ್ರಕಾರ ಸಿವಿಲ್ ಕೋರ್ಟಿಗೆ ಇಲ್ಲಿ ಪ್ರವೇಶವಿಲ್ಲ. ಇಲಾಖೆಯೊಳಗೇ ಮೇಲ್ಮನವಿ, ಆಮೇಲೆ ನೇರ ಹೈಕೋರ್ಟು. ನೋಟಿಸು ಮರಾಠಿಯಲ್ಲಿ, ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ, ಮನುಷ್ಯನ ಭಾಷೆ ಅಫಜಲಪುರದ ಕನ್ನಡ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಈ ಕಾಯ್ದೆ ಹೇಗೆ ನಡೆಯುತ್ತಿದೆ ಎಂದು ಪರಿಶೀಲಿಸಲು ಹೈಕೋರ್ಟಿಗೆ ಹೇಳಿತು. ಆಗ ಹೈಕೋರ್ಟಿನಲ್ಲಿ ಇದರ 1,600ಕ್ಕೂ ಹೆಚ್ಚು ಮೊಕದ್ದಮೆಗಳು ಬಾಕಿ ಇದ್ದವು. ಒಂದು ಉಪಯೋಗದ ಮಾತು: 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ವರಮಾನ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಇದಕ್ಕೆ ಮನೆಯ ಕಾಗದ ಕೇಳುವುದಿಲ್ಲ. ನಮ್ಮ ಸಂಘಗಳ ನೋಟಿಸ್ ಬೋರ್ಡಿನಲ್ಲಿ ಯಕ್ಷಗಾನದ ಭಿತ್ತಿಪತ್ರದ ಪಕ್ಕ ಈ ನಂಬರೂ ಇರಲಿ ಎಂದು ನನ್ನ ಆಸೆ.

ಮೊನ್ನೆ ಮತ್ತೆ ಆ ಹೋಟೆಲಿಗೆ ಹೋಗಿದ್ದೆ. ಊಟದ ಹೊತ್ತು ಮುಗಿದಿತ್ತು. ಹುಡುಗನಿಗೆ ಇದನ್ನೆಲ್ಲ ಹೇಳಿದೆ. ವಿಳಾಸ ಬದಲಿಸಲು ಫಾರ್ಮ್ 8 ತುಂಬಬೇಕು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಕರೆಂಟು ಬಿಲ್ಲು, ರಿಜಿಸ್ಟರ್ ಆದ ಬಾಡಿಗೆ ಕರಾರು, ಇವುಗಳಲ್ಲಿ ಒಂದು ಸಾಕು. ಏನೂ ಇಲ್ಲದಿದ್ದರೂ ದಾರಿ ಇದೆ. ಫುಟ್‌ಪಾತಿನಲ್ಲಿ ಮಲಗುವವರ ಹೆಸರನ್ನೂ ಪಟ್ಟಿಗೆ ಸೇರಿಸಬೇಕು ಎಂದು ಆಯೋಗದ ಸೂಚನೆಯೇ ಇದೆ. ಮತಗಟ್ಟೆ ಅಧಿಕಾರಿ ರಾತ್ರಿ ಬಂದು, ಒಂದಕ್ಕಿಂತ ಹೆಚ್ಚು ರಾತ್ರಿ ಬಂದು, ಆ ಮನುಷ್ಯ ಅಲ್ಲೇ ಮಲಗಿದ್ದಾನೆಯೇ ಎಂದು ಕಣ್ಣಾರೆ ನೋಡಬೇಕು. ಕಾಗದ ಕೇಳುವಂತಿಲ್ಲ.

ಹುಡುಗ ಗಲ್ಲಾದ ಕಡೆ ನೋಡಿದ. ಧಣಿಗಳಿಗೆ ನಮ್ಮ ಮಾತು ಕೇಳಿಸಿತ್ತು. “ಅಟ್ಟದಲ್ಲಿ ಎಂಟು ಜನ ಮಲಗ್ತಾರೆ ಅಂತ ನಾನು ಬರೆದುಕೊಟ್ರೆ, ಓಟಿನವರು ಬಂದ ಮೇಲೆ ಇನ್ನು ಯಾವ್ಯಾವ ಇಲಾಖೆಯವರು ಬರ್ತಾರೋ?” ಎಂದರು. ಅವರೇನೂ ಕೆಟ್ಟ ಮನುಷ್ಯರಲ್ಲ. ಅವರೂ ನಲವತ್ತು ವರ್ಷದ ಹಿಂದೆ ಅದೇ ಅಟ್ಟದಲ್ಲಿ ಮಲಗಿದವರು.

ಹುಡುಗನ ತಕರಾರು ಬೇರೆಯೇ ಇತ್ತು. ಹೆಸರು ಇಲ್ಲಿಗೆ ಬಂದರೆ ಊರಿನ ಪಟ್ಟಿಯಿಂದ ಹೋಗುತ್ತದೆಯೇ ಎಂದು ಕೇಳಿದ. ಹೋಗುತ್ತದೆ, ಎರಡು ಕಡೆ ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ ಎಂದೆ. ಪಂಚಾಯ್ತಿ ಓಟೂ ಹೋಗುತ್ತದೆಯೇ? ಅದೂ ಅದೇ ಪಟ್ಟಿಯಿಂದಲೇ ಆಗುವುದು, ಹೋಗುತ್ತದೆ.

ಅವನು ಬಟ್ಟೆ ಹಿಡಿದು ಮೇಜು ಒರೆಸುತ್ತಾ ಸ್ವಲ್ಪ ಹೊತ್ತು ಯೋಚಿಸಿದ. “ಹಂಗಾರೆ ಈ ಸಲ ಪಂಚಾಯ್ತಿ ಎಲೆಕ್ಷನ್ ಆಯ್ಲಿ ಮಾರಾಯ್ರೆ. ಮಾವ ನಿಲ್ತ್ರಂಬ್ರು” ಎಂದ.